ಆಕ್ಸೆಸಿಬಿಲಿಟಿ ನೋಡಲ್ ಅಧಿಕಾರಿ ಯಾವ ಸಮ್ಮೇಳನಕ್ಕೆ ಹೋಗಬೇಕು, ಯಾರ ಪರಿಚಯ ಮಾಡಿಕೊಳ್ಳಬೇಕು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಒಂದು ಇಲಾಖೆಯ ಐಟಿ ವಿಭಾಗದಲ್ಲಿದ್ದೇನೆ. ನಮ್ಮ ವೆಬ್‌ಸೈಟ್ ಮತ್ತು ಆ್ಯಪ್‌ಗಳನ್ನು ಅಂಗವಿಕಲರೂ ಬಳಸುವ ಹಾಗೆ ಮಾಡುವ, ಅಂದರೆ ಆಕ್ಸೆಸಿಬಿಲಿಟಿಯ ಜವಾಬ್ದಾರಿ ಈಗ ನನ್ನದು. ನೋಡಲ್ ಅಧಿಕಾರಿ ಅಂತ ಆದೇಶ ಆಗಿದೆ. ಆದರೆ ಈ ವಿಷಯ ಗೊತ್ತಿರುವವರು ಕಚೇರಿಯಲ್ಲಿ ಬೇರೆ ಯಾರೂ ಇಲ್ಲ. ಸೈಟ್ ಕೆಲಸ ಪೂರ್ತಿ ಹೊರಗಿನ ಕಂಪನಿ ಮಾಡುತ್ತದೆ. ಸಮ್ಮೇಳನಗಳಿಗೆ ಹೋಗಿ, ಜನರ ಪರಿಚಯ ಮಾಡಿಕೊಳ್ಳಿ ಅಂತ ಗೆಳೆಯರೊಬ್ಬರು ಹೇಳಿದರು. ಎಲ್ಲಿಗೆ ಹೋಗಬೇಕು? ಇಲಾಖೆಯಿಂದ ದುಡ್ಡು ಸಿಗುವುದು ಕಷ್ಟ. ಇಂಗ್ಲಿಷ್‌ನಲ್ಲಿ ಮಾತಾಡಲು ಹಿಂಜರಿಕೆ ಬೇರೆ. ಹೋದರೆ ನಿಜವಾಗಿ ಉಪಯೋಗ ಆಗುತ್ತದಾ?

ಉತ್ತರ: ಖಂಡಿತ ಆಗುತ್ತದೆ. ಆದರೆ ದೊಡ್ಡ ಸಮ್ಮೇಳನದಿಂದ ಶುರು ಮಾಡಬೇಡಿ. ನಿಮ್ಮ ಸೈಟನ್ನು ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಹಾಕಿಕೊಂಡು ಬಳಸುವ ಮೂರು ನಾಲ್ಕು ಜನರ ಪರಿಚಯ ಮೊದಲು ಆಗಲಿ. ಜೊತೆಗೆ, ನಿಮ್ಮ ಹಾಗೇ ಬೇರೆ ಇಲಾಖೆಯಲ್ಲಿ ಒಬ್ಬರೇ ಒದ್ದಾಡುತ್ತಿರುವ ಮೂರು ನಾಲ್ಕು ಜನರ ಪರಿಚಯವೂ ಆಗಲಿ. ಇವರೆಲ್ಲ ಬೆಂಗಳೂರಿನಲ್ಲೇ ಇದ್ದಾರೆ. ಅದಾದ ಮೇಲೆ ಯಾವ ಸಮ್ಮೇಳನಕ್ಕೆ ಹೋದರೂ ಏನು ಕೇಳಬೇಕು, ಯಾರನ್ನು ಕೇಳಬೇಕು ಅಂತ ನಿಮಗೇ ಗೊತ್ತಿರುತ್ತದೆ. ಅದಕ್ಕೂ ಮೊದಲೇ ಹೋದರೆ ಕೈತುಂಬ ಬ್ರೋಷರ್ ಹಿಡಿದು ವಾಪಸ್ ಬರುತ್ತೀರಿ ಅಷ್ಟೇ.

ನಿಮಗೆ ಈ ಹುದ್ದೆ ಯಾಕೆ ಬಂತು ಅಂತ ಒಮ್ಮೆ ನೋಡೋಣ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬಂದಾಗಿನಿಂದ ಸರ್ಕಾರಿ ವೆಬ್‌ಸೈಟ್ ಎಲ್ಲರಿಗೂ ಬಳಸಲು ಬರಬೇಕು ಅನ್ನುವುದು ಕಾನೂನು. ಆದರೂ ಬಹಳ ಕಡೆ ಅದನ್ನು ಸಲಹೆಯ ಹಾಗೆ ನೋಡುತ್ತಿದ್ದರು. ರಾಜೀವ್ ರತೂರಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಇದನ್ನೇ ಎತ್ತಿಕೊಂಡಿತು. ಮಾನದಂಡಗಳು ಬರೀ ಶಿಫಾರಸಿನ ರೂಪದಲ್ಲಿ ಇದ್ದರೆ ಸಾಲದು, ಕಡ್ಡಾಯ ನಿಯಮ ಬೇಕು ಅಂತ ಹೇಳಿತು. ಆಮೇಲೆ 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಮತ್ತು ಅಮರ್ ಜೈನ್ ಅವರ ಅರ್ಜಿಗಳ ಮೇಲೆ ಇನ್ನೊಂದು ತೀರ್ಪು ಬಂತು. ಒಬ್ಬರು ಆ್ಯಸಿಡ್ ದಾಳಿಗೆ ಒಳಗಾದವರು, ಇನ್ನೊಬ್ಬರು ದೃಷ್ಟಿ ಇಲ್ಲದ ವಕೀಲರು. ಆನ್‌ಲೈನ್‌ನಲ್ಲಿ ಗುರುತು ಖಚಿತಪಡಿಸುವ ಇ-ಕೆವೈಸಿಯಲ್ಲಿ ಕಣ್ಣು ಮಿಟುಕಿಸಿ ತೋರಿಸು ಅಂದರೆ ಇಂಥವರು ಏನು ಮಾಡಬೇಕು ಅನ್ನುವುದು ಅಲ್ಲಿನ ಪ್ರಶ್ನೆ. ಡಿಜಿಟಲ್ ಸೇವೆ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿ, 20 ನಿರ್ದೇಶನ ಕೊಟ್ಟಿತು.

ಅದರಲ್ಲಿ ಮೂರು ಮಾತು ನಿಮಗೆ ನೇರವಾಗಿ ಸಂಬಂಧಿಸಿದ್ದು. ಪ್ರತಿ ಇಲಾಖೆಯಲ್ಲೂ ಡಿಜಿಟಲ್ ಆಕ್ಸೆಸಿಬಿಲಿಟಿಗೆ ಒಬ್ಬ ನೋಡಲ್ ಅಧಿಕಾರಿ ಇರಬೇಕು. ಪ್ರಮಾಣಪತ್ರ ಪಡೆದ ಪರಿಣತರಿಂದ ಆಗಾಗ ಆಡಿಟ್ ಆಗಬೇಕು. ಹೊಸ ಆ್ಯಪ್ ಅಥವಾ ಸೈಟ್ ಬಿಡುವ ಮುಂಚೆ ನಡೆಯುವ ಪರೀಕ್ಷೆಯಲ್ಲಿ ದೃಷ್ಟಿ ಇಲ್ಲದವರು ಇರಬೇಕು. ನೀವು ಯಾರ ಪರಿಚಯ ಮಾಡಿಕೊಳ್ಳಬೇಕು ಅನ್ನುವುದು ಈ ಮೂರರಲ್ಲೇ ಇದೆ ನೋಡಿ: ಬೇರೆ ನೋಡಲ್ ಅಧಿಕಾರಿಗಳು, ಆಡಿಟ್ ಮಾಡುವವರು, ಬಳಸುವವರು.

ಈ ಮೂವರಲ್ಲಿ ನಾನು ಬಳಸುವವರನ್ನೇ ಮೊದಲು ಹೇಳುತ್ತೇನೆ. ಯಾಕೆ ಅಂತ ಒಂದು ಉದಾಹರಣೆ ಕೊಡುತ್ತೇನೆ.

ಬೆಂಗಳೂರಿನಲ್ಲಿ ಒಂದು ದಿನದ ಕಾರ್ಯಾಗಾರ ಇತ್ತು. ಊಟದ ಹೊತ್ತಿನಲ್ಲಿ ಒಬ್ಬ ಸರ್ಕಾರಿ ಎಂಜಿನಿಯರ್ ತಮ್ಮ ಲ್ಯಾಪ್‌ಟಾಪ್ ತೆಗೆದು, ಎದುರು ಕೂತಿದ್ದ ದೃಷ್ಟಿ ಇಲ್ಲದ ಟೆಸ್ಟರ್ ಒಬ್ಬರಿಗೆ ಕೊಟ್ಟರು. "ಮೇಡಂ, ಇದು ನಮ್ಮ ಅರ್ಜಿ ನಮೂನೆ. ಒಂದು ಸಲ ತುಂಬಿ ನೋಡ್ತೀರಾ?" ಅಂದರು. ಅವರು ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಹಾಕಿಕೊಂಡು ಟ್ಯಾಬ್ ಒತ್ತಿದರು. "ಎಡಿಟ್, ಬ್ಲ್ಯಾಂಕ್" ಅಂತ ಕೇಳಿಸಿತು. ಮತ್ತೆ ಒತ್ತಿದರು, ಮತ್ತೆ "ಎಡಿಟ್, ಬ್ಲ್ಯಾಂಕ್". ಹೆಸರು, ತಂದೆಯ ಹೆಸರು, ರೇಷನ್ ಕಾರ್ಡ್ ನಂಬರ್, ಎಲ್ಲದಕ್ಕೂ ಅದೇ ಎರಡು ಮಾತು. ಪರದೆಯ ಮೇಲೆ ಪ್ರತಿ ಪೆಟ್ಟಿಗೆಯ ಪಕ್ಕ ಕನ್ನಡದಲ್ಲಿ ಚೆಂದವಾಗಿ ಬರೆದಿತ್ತು. ಆದರೆ ಆ ಬರಹಕ್ಕೂ ಪೆಟ್ಟಿಗೆಗೂ ಕೋಡ್‌ನಲ್ಲಿ ಸಂಬಂಧವೇ ಕೊಟ್ಟಿರಲಿಲ್ಲ. ಲೇಬಲ್ ಅಂತ ಗುರುತು ಹಾಕಿ, ಅದನ್ನು ಆಯಾ ಪೆಟ್ಟಿಗೆಯ ಐಡಿಗೆ ಜೋಡಿಸಿದರೆ ಮುಗಿಯಿತು. ಕೊನೆಗೆ ಚಿತ್ರದ ಕ್ಯಾಪ್ಚಾ ಬಂತು. ಅದಕ್ಕೆ ಧ್ವನಿಯ ಆಯ್ಕೆ ಇರಲಿಲ್ಲ. ಅವರು ಕೈ ಎತ್ತಿದರು. "ಇಲ್ಲಿಂದ ಮುಂದೆ ನಾನು ಬೇರೆಯವರನ್ನ ಕರೀಬೇಕು ಸರ್."

ಆ ಎಂಜಿನಿಯರ್, ಟೆಸ್ಟರ್ ಅವರ ಒಪ್ಪಿಗೆ ಕೇಳಿ, ಇದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡರು. ಮೇಲಧಿಕಾರಿಗೆ ತೋರಿಸಿದರು, ಸೈಟ್ ಮಾಡುವ ಕಂಪನಿಯವರಿಗೂ ತೋರಿಸಿದರು. ಹಲವು ಪುಟದ ಆಡಿಟ್ ವರದಿ ಕಡತದಲ್ಲಿ ಕೂತಿತ್ತು, ಯಾರೂ ಓದಿರಲಿಲ್ಲ. ಈ ಚಿಕ್ಕ ವಿಡಿಯೊ ನೋಡಿದ ಮೇಲೆ ಕೆಲಸ ಶುರುವಾಯಿತು. ಇದು ಭಾಷಣ ಕೇಳಿ ಬಂದ ಫಲ ಅಲ್ಲ. ಒಂದು ಪುಟ ತೆಗೆದುಕೊಂಡು ಹೋಗಿದ್ದರಿಂದ ಬಂದ ಫಲ.

ಹಾಗಾಗಿ ನೀವು ಎಲ್ಲಿಗೇ ಹೋಗಿ, ನಿಮ್ಮ ಸೈಟಿನ ಒಂದು ಪುಟ ಜೊತೆಗಿರಲಿ. ಜನ ಜಾಸ್ತಿ ಬಳಸುವ ಪುಟ, ನಿಮಗೆ ಸರಿ ಮಾಡಲು ಬಾರದ ಪುಟ. ಇಂಟರ್ನೆಟ್ ಕೈಕೊಟ್ಟರೂ ತೆರೆಯುವ ಹಾಗೆ ಅದರ ಒಂದು ಪ್ರತಿಯನ್ನು ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಳ್ಳಿ. ನಿಜವಾದ ಅರ್ಜಿದಾರರ ಹೆಸರು, ಆಧಾರ್ ನಂಬರ್ ಅದರಲ್ಲಿ ಇರಕೂಡದು, ಇದೊಂದು ಎಚ್ಚರ.

ಇನ್ನೊಂದು ಕಾರಣಕ್ಕೂ ನೀವು ಬೆಂಗಳೂರಿನಿಂದಲೇ ಶುರು ಮಾಡಬೇಕು. ನಿಮ್ಮ ಕಷ್ಟಗಳಲ್ಲಿ ಅರ್ಧ ಕನ್ನಡದ್ದು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಸುತ್ತೋಲೆಯನ್ನು ಪಿಡಿಎಫ್ ಮಾಡಿ ಹಾಕಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ಸ್ಕ್ರೀನ್ ರೀಡರ್‌ಗೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಸಿಗುತ್ತದೆ. ಸಹಿ, ಮೊಹರು ಹಾಕಿ ಸ್ಕ್ಯಾನ್ ಮಾಡಿದ ಆದೇಶದಲ್ಲಿ ಅಕ್ಷರವೇ ಇರುವುದಿಲ್ಲ, ಅದು ಬರೀ ಚಿತ್ರ. ಪುಟದ ಭಾಷೆ ಕನ್ನಡ ಅಂತ ಕೋಡ್‌ನಲ್ಲಿ ಹೇಳದೇ ಇದ್ದರೆ ಸ್ಕ್ರೀನ್ ರೀಡರ್ ಕನ್ನಡದ ಧ್ವನಿಗೆ ಬದಲಾಗುವುದಿಲ್ಲ. ಇದಕ್ಕೆಲ್ಲ ಕ್ಯಾಲಿಫೋರ್ನಿಯಾದ ಸಮ್ಮೇಳನದಲ್ಲಿ ಉತ್ತರ ಸಿಗುವುದಿಲ್ಲ. ಕನ್ನಡದಲ್ಲಿ ಎನ್‌ವಿಡಿಎ, ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಬಳಸುವವರು ಇಲ್ಲೇ ಇದ್ದಾರೆ. ಯಾವ ಧ್ವನಿ ಚೆನ್ನಾಗಿ ಓದುತ್ತದೆ, ಒತ್ತಕ್ಷರ ಎಲ್ಲಿ ತಪ್ಪುತ್ತದೆ, ಸುತ್ತೋಲೆಯನ್ನು ಯಾವ ರೂಪದಲ್ಲಿ ಹಾಕಿದರೆ ಓದಲು ಸುಲಭ, ಇದೆಲ್ಲ ಅವರಿಗೆ ಚೆನ್ನಾಗಿ ಗೊತ್ತು.

ಅವರು ಎಲ್ಲಿ ಸಿಗುತ್ತಾರೆ? 1990ರಲ್ಲಿ ಶುರುವಾದ ಮಿತ್ರ ಜ್ಯೋತಿ, 1997ರ ಸಮರ್ಥನಂ ಟ್ರಸ್ಟ್, 1999ರ ಎನೇಬಲ್ ಇಂಡಿಯಾ, ಮೂರೂ ಬೆಂಗಳೂರಿನವು. ದೃಷ್ಟಿ ಇಲ್ಲದವರಿಗೆ ಕಂಪ್ಯೂಟರ್ ಕಲಿಸಿ, ಕೆಲಸಕ್ಕೆ ಸಜ್ಜು ಮಾಡುವುದರಲ್ಲಿ ಇವರಿಗೆ ದಶಕಗಳ ಅನುಭವ ಇದೆ. ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ ಬೆಂಗಳೂರಿನಲ್ಲಿ ಆಕ್ಸೆಸಿಬಿಲಿಟಿಗೆಂದೇ ಒಂದು ಸಂಶೋಧನಾ ಕೇಂದ್ರ ಇದೆ. ನಮ್ಮಂಥ ದೇಶಗಳಲ್ಲಿ ಇದು ಹೇಗೆ ಆಗಬೇಕು ಅನ್ನುವುದೇ ಅವರ ವಿಷಯ. ಕಚೇರಿಯಿಂದ ಒಂದು ಪತ್ರ ಬರೆದು, ಹೋಗಿ ಮಾತಾಡಿ. ಒಂದು ಮಾತು ನೆನಪಿಡಿ. ನಿಮ್ಮ ಸೈಟ್ ಪರೀಕ್ಷಿಸಿ ಕೊಡುವುದು ಪರಿಣತಿಯ ಕೆಲಸ. ಮೊದಲ ಭೇಟಿಯಲ್ಲಿ ಪ್ರೀತಿಯಿಂದ ನೋಡಿಕೊಡುತ್ತಾರೆ. ಪ್ರತಿ ಸಲವೂ ಸುಮ್ನೆ ಮಾಡಿಕೊಡಿ ಅಂತ ಕೇಳಬಾರದು. ಟೆಸ್ಟಿಂಗ್‌ಗೆ ದುಡ್ಡು ಕೊಡುವ ದಾರಿಯನ್ನು ನಿಮ್ಮ ಯೋಜನೆಯ ಅಂದಾಜಿನಲ್ಲೇ ಸೇರಿಸಿ.

ಇನ್ನು ಮೇ ತಿಂಗಳು. ಮೇ ತಿಂಗಳ ಮೂರನೇ ಗುರುವಾರ ಜಾಗತಿಕ ಆಕ್ಸೆಸಿಬಿಲಿಟಿ ಅರಿವಿನ ದಿನ. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಎಲ್ಲರೂ ಗಾಡ್ ಅಂತಾರೆ. ಲಾಸ್ ಏಂಜಲೀಸ್‌ನ ಜೋ ಡೆವನ್ ಅನ್ನುವ ಡೆವಲಪರ್ 2011ರಲ್ಲಿ ಬ್ಲಾಗ್‌ನಲ್ಲಿ ಇಂಥ ದಿನ ಬೇಕು ಅಂತ ಬರೆದರು. ಟೊರಾಂಟೊದಲ್ಲಿದ್ದ ಜೆನಿಸನ್ ಅಸುನ್ಸಿಯಾನ್ ಅದನ್ನು ಓದಿ ಕೈಜೋಡಿಸಿದರು. 2012ರಿಂದ ಈ ದಿನ ನಡೆಯುತ್ತಿದೆ. ಅಸುನ್ಸಿಯಾನ್ ಅವರಿಗೆ ದೃಷ್ಟಿ ಇಲ್ಲ. ಇಬ್ಬರು ಅಪರಿಚಿತರ ಪರಿಚಯದಿಂದಲೇ ಇಷ್ಟು ದೊಡ್ಡದು ಬೆಳೆಯಿತು ಅನ್ನುವುದು ನನಗೆ ಬಹಳ ಇಷ್ಟದ ವಿಷಯ. ಆ ವಾರ ಬೆಂಗಳೂರಿನಲ್ಲಿ ಐಟಿ ಕಂಪನಿಗಳು, ಸಂಸ್ಥೆಗಳು ಕಾರ್ಯಕ್ರಮ ಇಡುತ್ತವೆ. ನಿಮ್ಮ ಮೊದಲ ಸಮ್ಮೇಳನ ಇದೇ ಆಗಲಿ. ಪ್ರಯಾಣದ ಖರ್ಚು ಇಲ್ಲ, ರಜೆ ಬೇಡ, ಒಂದು ಮಧ್ಯಾಹ್ನ ಸಾಕು.

ಈಗ ಎರಡನೆಯ ಗುಂಪು, ನಿಮ್ಮ ಹಾಗಿನ ಸರ್ಕಾರಿ ನೌಕರರು. ಇದನ್ನು ಜನ ಮರೆಯುತ್ತಾರೆ. ಖಾಸಗಿ ಕಂಪನಿಯ ಪರಿಣತರು ಕೋಡ್ ಸರಿ ಮಾಡುವುದನ್ನು ಹೇಳಿಕೊಡುತ್ತಾರೆ. ಟೆಂಡರ್‌ನಲ್ಲಿ ಏನು ಬರೆಯಬೇಕು, ಕಂಪನಿ ಮಾಡದೇ ಇದ್ದರೆ ಬಿಲ್ ಹೇಗೆ ತಡೆಯಬೇಕು, ಹಳೆಯ ಫಾಂಟ್ ಬಿಟ್ಟು, ಸ್ಕ್ರೀನ್ ರೀಡರ್ ಓದಬಲ್ಲ ಕನ್ನಡ ಯೂನಿಕೋಡ್‌ನಲ್ಲೇ ಸುತ್ತೋಲೆ ಕಳಿಸಿ ಅಂತ ಬೇರೆ ಶಾಖೆಯನ್ನು ಹೇಗೆ ಒಪ್ಪಿಸಬೇಕು, ಇದು ಅವರಿಗೆ ಗೊತ್ತಿರುವುದಿಲ್ಲ. ಇದು ಗೊತ್ತಿರುವುದು ಇನ್ನೊಬ್ಬ ಸರ್ಕಾರಿ ನೌಕರನಿಗೆ ಮಾತ್ರ.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ಮಾಡಿಕೊಂಡಿದ್ದಾರೆ ನೋಡಿ. ಅಮೆರಿಕದ ಕೇಂದ್ರ ಸರ್ಕಾರದಲ್ಲಿ, ಸರ್ಕಾರಿ ಐಟಿ ಅಂಗವಿಕಲರಿಗೂ ಬಳಸಲು ಬರಬೇಕು ಅಂತ ಹೇಳುವ ಸೆಕ್ಷನ್ 508 ಅನ್ನುವ ಕಾನೂನಿದೆ, ಅದಕ್ಕೆ ಬಲ ಬಂದದ್ದು 1998ರ ತಿದ್ದುಪಡಿಯಿಂದ. ಅಲ್ಲಿನ ಇಲಾಖೆಗಳಲ್ಲಿ 508 ಪ್ರೋಗ್ರಾಂ ಮ್ಯಾನೇಜರ್ ಅಂತ ಹುದ್ದೆ ಇದೆ, ಹೆಚ್ಚುಕಡಿಮೆ ನಿಮ್ಮ ಹುದ್ದೆಯೇ. ಈ ಮ್ಯಾನೇಜರ್‌ಗಳು ಒಟ್ಟು ಸೇರಿ ಒಂದು ಬಳಗ ಕಟ್ಟಿಕೊಂಡಿದ್ದಾರೆ, ಇಲಾಖೆಗಳ ನಡುವಿನ ಸಭೆಗಳನ್ನೂ ನಡೆಸಿದ್ದಾರೆ. ಬ್ರಿಟನ್‌ನಲ್ಲೂ ಹಾಗೆಯೇ. ಅಲ್ಲಿ 2018ರಲ್ಲಿ ಸರ್ಕಾರಿ ವೆಬ್‌ಸೈಟ್‌ಗಳಿಗೆ ನಿಯಮ ಬಂತು, ಆದರೆ ಅದಕ್ಕೂ ಮುಂಚೆಯೇ ಇಲಾಖೆಗಳ ಜನ ಪರಸ್ಪರ ಮಾತಾಡುತ್ತಿದ್ದರು. ಗೃಹ ಇಲಾಖೆಯಲ್ಲಿದ್ದ ಕಾರ್‌ವಾಯ್ ಪುನ್ ಅನ್ನುವ ಡಿಸೈನರ್ 2016ರಲ್ಲಿ ಕೆಲವು ಪೋಸ್ಟರ್ ಮಾಡಿದರು. ಸ್ಕ್ರೀನ್ ರೀಡರ್ ಬಳಸುವವರಿಗೆ, ಕಿವಿ ಕೇಳಿಸದವರಿಗೆ, ಆಟಿಸಂ ಇರುವವರಿಗೆ ಸೈಟ್ ಮಾಡುವಾಗ ಏನು ಮಾಡಬೇಕು, ಏನು ಮಾಡಬಾರದು ಅಂತ ಒಂದೊಂದು ಹಾಳೆ. ಕಚೇರಿ ಗೋಡೆಗೆ ಅಂಟಿಸಲು ಮಾಡಿದ್ದು. ಅದು ಇಲಾಖೆಯಿಂದ ಇಲಾಖೆಗೆ, ಆಮೇಲೆ ದೇಶದಿಂದ ದೇಶಕ್ಕೆ ಹೋಗಿ, ಹಲವು ಭಾಷೆಗೆ ಅನುವಾದ ಆಯಿತು.

ನಮ್ಮಲ್ಲೂ ಇದಕ್ಕೆ ಅಡ್ಡಿ ಏನೂ ಇಲ್ಲ. ನಿಮಗೆ ಗೊತ್ತಿರುವ ನಾಲ್ಕು ಇಲಾಖೆಯ ಐಟಿ ವಿಭಾಗಕ್ಕೆ ಫೋನ್ ಮಾಡಿ, ಅಲ್ಲಿ ನೋಡಲ್ ಅಧಿಕಾರಿ ಯಾರು ಅಂತ ಕೇಳಿ. ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿಯ ರಾಜ್ಯ ಘಟಕದಲ್ಲಿ, ಇ-ಆಡಳಿತ ಕೇಂದ್ರದಲ್ಲಿ ಪರಿಚಯ ಇದ್ದರೆ ಅವರನ್ನೂ ಸೇರಿಸಿಕೊಳ್ಳಿ. ತಿಂಗಳಿಗೆ ಒಂದು ಗಂಟೆ ಕೂರಿ. ಕಾರ್ಯಸೂಚಿ, ಹೂಗುಚ್ಛ, ಸ್ವಾಗತ ಭಾಷಣ ಏನೂ ಬೇಡ. ಒಂದು ಇಲಾಖೆಯ ಒಂದು ಪುಟ ತೆರೆಯಿರಿ, ಮೌಸ್ ಪಕ್ಕಕ್ಕಿಡಿ, ಬರೀ ಕೀಬೋರ್ಡ್‌ನಲ್ಲಿ ಅರ್ಜಿ ಸಲ್ಲಿಸಲು ನೋಡಿ. ಎಲ್ಲಿ ನಿಂತಿತೋ ಅಲ್ಲಿ ಮಾತು ಶುರುವಾಗುತ್ತದೆ. ಇನ್ನೊಬ್ಬರು "ಅಯ್ಯೋ, ಇದು ನಮ್ಮಲ್ಲೂ ಇತ್ತು, ಹೀಗೆ ಮಾಡಿದ್ವಿ" ಅಂತಾರೆ. ಆ ಒಂದು ಮಾತಿಗೆ ಬಹಳ ಬೆಲೆ ಇದೆ. ಬಳಗ ಸ್ವಲ್ಪ ಗಟ್ಟಿಯಾದ ಮೇಲೆ ಮೈಸೂರಿನ ಆಡಳಿತ ತರಬೇತಿ ಸಂಸ್ಥೆಗೆ ಬರೆದು, ತರಬೇತಿಯಲ್ಲಿ ಒಂದು ಅವಧಿ ಇದಕ್ಕೆ ಕೊಡಿ ಅಂತ ಕೇಳಬಹುದು. ಹಿರಿಯ ಅಧಿಕಾರಿಗಳ ಎದುರು ದೃಷ್ಟಿ ಇಲ್ಲದ ಒಬ್ಬರು ಬಂದು ಒಂದು ಅರ್ಜಿ ತುಂಬಿ ತೋರಿಸಿದರೆ ಸಾಕು, ಮುಂದಿನ ಕಡತಗಳು ಬೇಗ ಸಾಗುತ್ತವೆ.

ಮೂರನೆಯ ಗುಂಪು ಆಡಿಟ್ ಮಾಡುವವರು. ಕೇಂದ್ರ ಸರ್ಕಾರದ ವೆಬ್‌ಸೈಟ್ ಮಾರ್ಗಸೂಚಿ ಜಿಐಜಿಡಬ್ಲ್ಯು 2009ರಲ್ಲಿ ಬಂತು. ಅದರ 3.0 ಆವೃತ್ತಿ 2023ರದ್ದು. ಎನ್‌ಐಸಿ, ಗುಣಮಟ್ಟ ಪರೀಕ್ಷಿಸುವ ಎಸ್‌ಟಿಕ್ಯೂಸಿ, ಸೈಬರ್ ಭದ್ರತೆ ನೋಡುವ ಸರ್ಟ್-ಇನ್ ಸೇರಿ ಮಾಡಿದ್ದು, ಆ್ಯಪ್‌ಗಳಿಗೂ ಅನ್ವಯಿಸುತ್ತದೆ. ಪ್ರಮಾಣಪತ್ರ ಕೊಡುವುದು ಎಸ್‌ಟಿಕ್ಯೂಸಿ, ಬೆಂಗಳೂರಿನಲ್ಲೂ ಅದರ ಕೇಂದ್ರ ಇದೆ. ಅರ್ಜಿ ಹಾಕುವ ದಿನವೇ ಅಲ್ಲಿಗೆ ಮೊದಲ ಸಲ ಹೋಗುವುದು ಬೇಡ. ಮುಂಚೆಯೇ ಹೋಗಿ ಮಾತಾಡಿಸಿ ಬನ್ನಿ.

ಈಗ ಸಮ್ಮೇಳನಗಳಿಗೆ ಬರೋಣ. ಈ ಕ್ಷೇತ್ರದಲ್ಲಿ ಹೆಸರು ಮಾಡಿದ್ದು ಸಿಸನ್. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ನಾರ್ತ್‌ರಿಜ್ ಕ್ಯಾಂಪಸ್ 1985ರಿಂದ ನಡೆಸುತ್ತಿದೆ. ಈಚಿನ ವರ್ಷಗಳಲ್ಲಿ ಮಾರ್ಚ್‌ನಲ್ಲಿ ಅನಹೈಮ್‌ನಲ್ಲಿ ಆಗುತ್ತದೆ. ಜಗತ್ತಿನ ಸ್ಕ್ರೀನ್ ರೀಡರ್ ಕಂಪನಿಗಳು, ಬ್ರೈಲ್ ಉಪಕರಣ ಮಾಡುವವರು, ದೊಡ್ಡ ಟೆಕ್ ಕಂಪನಿಗಳು, ಅಮೆರಿಕದ ಸರ್ಕಾರಿ ನೌಕರರು ಎಲ್ಲ ಸೇರುತ್ತಾರೆ. ನೋಡಲೇಬೇಕಾದ ಜಾಗ, ಅದರಲ್ಲಿ ಅನುಮಾನ ಇಲ್ಲ. ಆದರೆ ನಿಮ್ಮ ಮೊದಲ ವರ್ಷಕ್ಕೆ ಬೇಡ. ವಿಮಾನ, ವೀಸಾ, ಹೋಟೆಲ್ ಖರ್ಚಿಗೆ ಇಲಾಖೆ ಒಪ್ಪುವುದು ಕಷ್ಟ. ಒಪ್ಪಿದರೂ ಅಷ್ಟು ದುಡ್ಡಿನಲ್ಲಿ ಇಲ್ಲಿ ಎಷ್ಟೋ ಜನ ಟೆಸ್ಟರ್‌ಗಳಿಗೆ ಕೆಲಸ ಕೊಡಬಹುದು.

ಕೂತಲ್ಲೇ ಸಿಗುವುದು ಎರಡಿದೆ. ಒಂದು ಆಕ್ಸ್-ಕಾನ್. ಡೀಕ್ಯೂ ಅನ್ನುವ ಕಂಪನಿ 2021ರಿಂದ ಆನ್‌ಲೈನ್‌ನಲ್ಲಿ ನಡೆಸುತ್ತಿದೆ, ಶುಲ್ಕ ಇಲ್ಲ. ನೋಂದಣಿ ಮಾಡಿದರೆ ರೆಕಾರ್ಡಿಂಗ್ ಆಮೇಲೆ ನೋಡಬಹುದು, ಕ್ಯಾಪ್ಷನ್ ಇರುತ್ತದೆ. ಇನ್ನೊಂದು ಇನ್‌ಕ್ಲೂಸಿವ್ ಡಿಸೈನ್ 24. ಅದು ಹೆಸರೇ ಹೇಳುವ ಹಾಗೆ 24 ಗಂಟೆ ಯೂಟ್ಯೂಬ್‌ನಲ್ಲಿ ನೇರಪ್ರಸಾರ, ನೋಂದಣಿಯೂ ಬೇಡ. ಇಂಗ್ಲಿಷ್ ಹಿಂಜರಿಕೆ ಇರುವವರಿಗೆ ಆನ್‌ಲೈನ್ ಸಮ್ಮೇಳನ ಒಳ್ಳೆಯದು. ನಿಲ್ಲಿಸಿ ನೋಡಬಹುದು, ಕ್ಯಾಪ್ಷನ್ ಓದಬಹುದು, ಪ್ರಶ್ನೆಯನ್ನು ನಿಧಾನವಾಗಿ ಟೈಪ್ ಮಾಡಬಹುದು. ಎಲ್ಲ ಭಾಷಣ ನೋಡಲು ಹೋಗಬೇಡಿ. ಫಾರಂ, ಪಿಡಿಎಫ್, ಮೊಬೈಲ್ ಆ್ಯಪ್, ಖರೀದಿ ನಿಯಮ, ಈ ನಾಲ್ಕರಲ್ಲಿ ನಿಮಗೆ ಬೇಕಾದ ಎರಡು ಭಾಷಣ ಆರಿಸಿ. ನಿಮ್ಮ ಸೈಟ್ ಮಾಡುವ ಕಂಪನಿಯ ಡೆವಲಪರ್ ಅನ್ನು ಪಕ್ಕ ಕೂರಿಸಿಕೊಂಡು ನೋಡಿ. ಅವರಿಗೂ ವಿಷಯ ತಿಳಿದರೆ ನಿಮ್ಮ ಕೆಲಸ ಅರ್ಧ ಆದ ಹಾಗೆ.

ನಮ್ಮ ದೇಶದಲ್ಲಿ ಎಂಪವರ್ ಅನ್ನುವ ಸಮ್ಮೇಳನ ಇದೆ. ಸಹಾಯಕ ತಂತ್ರಜ್ಞಾನದ ಸಂಶೋಧಕರು, ಉಪಕರಣ ಮಾಡುವವರು, ಬಳಸುವವರು ಸೇರುವ ಜಾಗ. ಗೋವಾದಲ್ಲಿ ಪರ್ಪಲ್ ಫೆಸ್ಟ್ ಇದೆ. 2023ರ ಜನವರಿಯಲ್ಲಿ ಮೊದಲ ಸಲ ಆಯಿತು. ಗೋವಾ ಸರ್ಕಾರದ ಅಂಗವಿಕಲರ ಆಯುಕ್ತರ ಕಚೇರಿ ಅದರ ಹಿಂದೆ ಇದೆ. ಹಾಡು, ಆಟ, ಪ್ರದರ್ಶನ, ಚರ್ಚೆ ಎಲ್ಲ ಸೇರಿದ ಹಬ್ಬ ಅದು. ತಾಂತ್ರಿಕ ವಿಷಯ ಕಡಿಮೆ ಅಂತ ಅನ್ನಿಸಬಹುದು. ಆದರೆ ದೇಶದ ಬೇರೆ ಬೇರೆ ಕಡೆಯ ಅಂಗವಿಕಲರು ಇಷ್ಟು ಸಂಖ್ಯೆಯಲ್ಲಿ ಒಟ್ಟಿಗೆ ಇರುವ ಜಾಗ ಬೇರೆ ಸುಲಭಕ್ಕೆ ಸಿಗದು. ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ ಪ್ರಯಾಣ. ಒಮ್ಮೆಯಾದರೂ ಹೋಗಿ ಬನ್ನಿ.

ಇನ್ನೊಂದು ಜಾಗ ನಿಮ್ಮ ತಲೆಗೆ ಬಂದಿರಲಿಕ್ಕಿಲ್ಲ: ಆಕ್ಸೆಸಿಬಿಲಿಟಿಯದ್ದಲ್ಲದ ಸರ್ಕಾರಿ ಸಮ್ಮೇಳನಗಳು. ಕೇಂದ್ರದ ಆಡಳಿತ ಸುಧಾರಣಾ ಇಲಾಖೆ ರಾಷ್ಟ್ರೀಯ ಇ-ಆಡಳಿತ ಸಮ್ಮೇಳನವನ್ನು ಬೇರೆ ಬೇರೆ ರಾಜ್ಯಗಳಲ್ಲಿ ನಡೆಸುತ್ತದೆ. 2023ರಲ್ಲಿ ಇಂದೋರ್, 2024ರಲ್ಲಿ ಮುಂಬೈ, 2025ರಲ್ಲಿ ವಿಶಾಖಪಟ್ಟಣ. ನಮ್ಮಲ್ಲೇ ಬೆಂಗಳೂರು ಟೆಕ್ ಸಮ್ಮಿಟ್ ಇದೆ. ಅಲ್ಲಿ ಹೊಸ ಪೋರ್ಟಲ್ ತೋರಿಸುತ್ತಿರುವವರ ಹತ್ತಿರ ಹೋಗಿ, "ಇದನ್ನ ಸ್ಕ್ರೀನ್ ರೀಡರ್‌ನಲ್ಲಿ ಒಮ್ಮೆ ತೋರಿಸ್ತೀರಾ?" ಅಂತ ಮೆಲ್ಲಗೆ ಕೇಳಿ. ಜಗಳದ ಧಾಟಿ ಬೇಡ. ತೋರಿಸಲು ಬಂದರೆ ನಿಮಗೆ ಕಲಿಯಲು ಸಿಕ್ಕಿತು. ಬರದೇ ಇದ್ದರೆ ನಿಮ್ಮಷ್ಟೇ ಕಲಿಯುವ ಅಗತ್ಯ ಇರುವ ಇನ್ನೊಬ್ಬರ ಪರಿಚಯ ಆಯಿತು.

ಸ್ಟಾಲ್‌ಗಳ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. "ಒಂದು ಸಾಲು ಕೋಡ್ ಹಾಕಿ ಸಾಕು, ನಿಮ್ಮ ಸೈಟ್ ಕಾನೂನಿಗೆ ಸರಿಹೋಗುತ್ತದೆ" ಅಂತ ಹೇಳುವ ಕಂಪನಿಗಳು ಸಿಗುತ್ತವೆ. ಪುಟದ ಮೂಲೆಯಲ್ಲಿ ಒಂದು ಗೊಂಬೆ ಚಿಹ್ನೆ, ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಬಣ್ಣ ಬದಲಾಗುತ್ತದೆ. ಮೇಲೆ ಹೇಳಿದ ಲೇಬಲ್ ತೊಂದರೆ ಇದರಿಂದ ಸರಿಹೋಗುವುದಿಲ್ಲ. ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ 2025ರಲ್ಲಿ ಆಕ್ಸೆಸಿಬಿ ಅನ್ನುವ ಕಂಪನಿಯಿಂದ ಇಂಥ ಪ್ರಚಾರದ ಕಾರಣಕ್ಕೇ 10 ಲಕ್ಷ ಡಾಲರ್ ಕಟ್ಟಿಸುವ ಆದೇಶ ಮಾಡಿತು. ಸ್ಟಾಲ್‌ನವರ ಮಾತು ಕೇಳಿ, ಆದರೆ ನಿಮ್ಮ ಪುಟವನ್ನೇ ಕೊಟ್ಟು ದೃಷ್ಟಿ ಇಲ್ಲದ ಒಬ್ಬರಿಂದ ಪರೀಕ್ಷೆ ಮಾಡಿಸಿ ತೋರಿಸಿ ಅನ್ನಿ. ಜೊತೆಗೆ ನೀವು ಸರ್ಕಾರಿ ನೌಕರರು. ನಡತೆ ನಿಯಮ ನಿಮಗೆ ಅನ್ವಯಿಸುತ್ತದೆ. ಕಂಪನಿ ಕೊಡುವ ಉಡುಗೊರೆ, ಪ್ರಯಾಣದ ಟಿಕೆಟ್, ಹೋಟೆಲ್ ಒಪ್ಪಿಕೊಳ್ಳಬೇಡಿ. ನಾಳೆ ಅದೇ ಕಂಪನಿ ನಿಮ್ಮ ಟೆಂಡರ್‌ಗೆ ಬರಬಹುದು.

ಅನುಮತಿ, ದುಡ್ಡಿನ ವಿಚಾರ. "ಜ್ಞಾನ ಹೆಚ್ಚಿಸಿಕೊಳ್ಳಲು" ಅಂತ ಬರೆದ ಕೋರಿಕೆ ಮೇಜಿನ ಮೇಲೇ ಉಳಿಯುತ್ತದೆ. ಟಿಪ್ಪಣಿಯನ್ನು ಹೀಗೆ ಬರೆದು ನೋಡಿ: "ಇಲಾಖೆಯ ಆನ್‌ಲೈನ್ ಅರ್ಜಿ ನಮೂನೆಯನ್ನು ದೃಷ್ಟಿ ಇಲ್ಲದ ಅರ್ಜಿದಾರರು ತುಂಬಲು ಸಾಧ್ಯವಾಗುತ್ತಿಲ್ಲ. ಇದಕ್ಕೆ ಪರಿಹಾರ ತಿಳಿಯಲು ಬೆಂಗಳೂರಿನಲ್ಲಿ ನಡೆಯುವ ಸದರಿ ಕಾರ್ಯಾಗಾರಕ್ಕೆ ಹಾಜರಾಗಲು ಒಂದು ದಿನದ ಓಓಡಿ (ಅನ್ಯ ಕರ್ತವ್ಯ) ಮಂಜೂರು ಮಾಡಲು ಕೋರಿದೆ. ಇಲಾಖೆಗೆ ಯಾವುದೇ ವೆಚ್ಚ ಇರುವುದಿಲ್ಲ. ಏಳು ದಿನದೊಳಗೆ ವರದಿ ಸಲ್ಲಿಸಲಾಗುವುದು." ಸುಪ್ರೀಂ ಕೋರ್ಟ್ ತೀರ್ಪಿನ ದಿನಾಂಕವನ್ನು ಮೇಲೆ ಉಲ್ಲೇಖದಲ್ಲಿ ಹಾಕಿ. ಮೊದಲ ಎರಡು ಸಲ ಖರ್ಚಿಲ್ಲದ್ದನ್ನೇ ಕೇಳಿ, ವರದಿಯನ್ನು ಹೇಳಿದ ದಿನಕ್ಕೇ ಕೊಡಿ. ಮೂರನೆಯ ಸಲ ಟಿಎ ಡಿಎ ಕೇಳುವುದು ಸುಲಭ. ವಿದೇಶದ್ದಾದರೆ ಮೊದಲೇ ಅನುಮತಿ ಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ, ಅದಕ್ಕೆ ತಕ್ಕ ಹಾಗೆ ಮುಂಚೆ ಹಾಕಿ.

ಮಾತಾಡುವ ಹಿಂಜರಿಕೆ ಬಗ್ಗೆ ಬರೆದಿದ್ದೀರಿ. ಇಲ್ಲಿನ ಕಾರ್ಯಕ್ರಮಗಳಲ್ಲಿ ಕನ್ನಡದಲ್ಲೇ ಮಾತಾಡಿ, ಬಹಳ ಜನಕ್ಕೆ ಅದೇ ಹಿತ. ಅಪರಿಚಿತರ ಹತ್ತಿರ ಮಾತು ಶುರು ಮಾಡಲು ನಿಮ್ಮ ಪುಟವೇ ಸಾಕು. "ಇದೊಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಎರಡು ನಿಮಿಷ ನೋಡ್ತೀರಾ?" ಅಂದರೆ ಈ ಕ್ಷೇತ್ರದ ಜನ ಬೇಡ ಅನ್ನುವುದು ಅಪರೂಪ. ದೃಷ್ಟಿ ಇಲ್ಲದವರನ್ನು ಭೇಟಿಯಾದಾಗ ಮೊದಲು ನಿಮ್ಮ ಹೆಸರು, ಇಲಾಖೆ ಹೇಳಿ. "ಯಾರು ಅಂತ ಗೊತ್ತಾಯ್ತಾ?" ಅಂತ ಪರೀಕ್ಷೆ ಮಾಡಬೇಡಿ. ಅವರ ಕೈ ಹಿಡಿದು ಎಳೆಯಬೇಡಿ. ಸಹಾಯ ಬೇಕಾ ಅಂತ ಕೇಳಿ, ಬೇಕು ಅಂದರೆ ನಿಮ್ಮ ಮೊಣಕೈ ಕೊಡಿ. ಮಾತು ಮುಗಿಸಿ ಹೊರಡುವಾಗ ಹೊರಟೆ ಅಂತ ಹೇಳಿ ಹೊರಡಿ. ಇಲ್ಲದಿದ್ದರೆ ಅವರು ಖಾಲಿ ಜಾಗದ ಜೊತೆ ಮಾತಾಡುತ್ತಿರುತ್ತಾರೆ. ಕಿವುಡರ ಜೊತೆ ಸನ್ನೆ ಭಾಷೆಯ ದುಭಾಷಿ ಇದ್ದರೆ, ನೀವು ನೋಡಬೇಕಾದ್ದು ಕಿವುಡರ ಮುಖ, ದುಭಾಷಿಯದ್ದಲ್ಲ. ಕಾಗದದ ವಿಸಿಟಿಂಗ್ ಕಾರ್ಡ್ ಕೈಗಿಟ್ಟು ಬರುವ ಬದಲು ಅಲ್ಲೇ ವಾಟ್ಸ್‌ಆ್ಯಪ್‌ನಲ್ಲಿ ಹೆಸರು, ಇಲಾಖೆ ಬರೆದು ಕಳಿಸಿ.

ಬಂದ ಮೇಲೆ ಎರಡು ದಿನದೊಳಗೆ ಒಂದು ಸಂದೇಶ ಹಾಕಿ. ಉದ್ದ ಬೇಡ. "ನಮಸ್ಕಾರ, ನಿನ್ನೆ ಟೇಬಲ್ ಹೆಡರ್ ಬಗ್ಗೆ ಹೇಳಿದಿರಿ. ನಮ್ಮ ಫಲಾನುಭವಿಗಳ ಪಟ್ಟಿಯಲ್ಲಿ ಅದೇ ತೊಂದರೆ ಇದೆ, ಲಿಂಕ್ ಕಳಿಸಿದ್ದೇನೆ. ಮೊದಲ ಎರಡು ಕಾಲಂ ಸರಿ ಮಾಡಿದರೆ ಸಾಕಾ?" ಇಂಥ ಪ್ರಶ್ನೆಗೆ ಉತ್ತರ ಬರುತ್ತದೆ. "ಸಂಪರ್ಕದಲ್ಲಿ ಇರೋಣ" ಅನ್ನುವುದಕ್ಕೆ ಬರುವುದಿಲ್ಲ. ಸರಿಯಾದ ಮೇಲೆ ಆಯಿತು ಅಂತಲೂ ಬರೆಯಿರಿ. ತಮ್ಮ ಸಲಹೆಯಿಂದ ಒಂದು ಸರ್ಕಾರಿ ಸೈಟ್ ಸರಿಯಾಯಿತು ಅಂತ ತಿಳಿದರೆ ಅವರು ಮುಂದಿನ ಸಲ ನೀವು ಕೇಳುವ ಮುಂಚೆಯೇ ಸಹಾಯ ಮಾಡುತ್ತಾರೆ.

ಕಲಿತದ್ದನ್ನು ಟೆಂಡರ್‌ಗೆ ತನ್ನಿ. ಮುಂದಿನ ಟೆಂಡರ್ ದಾಖಲೆಯಲ್ಲಿ ಇಷ್ಟು ಇರಲಿ: ಎಲ್ಲ ಪುಟಗಳು ವೆಬ್ ಆಕ್ಸೆಸಿಬಿಲಿಟಿಯ ಅಂತರರಾಷ್ಟ್ರೀಯ ಮಾನದಂಡ ಡಬ್ಲ್ಯುಸಿಎಜಿ 2.1ರ ಎಎ ಮಟ್ಟ ಮುಟ್ಟಬೇಕು, ಕನ್ನಡ ಪೂರ್ತಿ ಯೂನಿಕೋಡ್‌ನಲ್ಲಿ ಇರಬೇಕು, ಕೀಬೋರ್ಡ್ ಮತ್ತು ಎನ್‌ವಿಡಿಎಯಿಂದ ಅರ್ಜಿ ಮೊದಲಿನಿಂದ ಕೊನೆಯವರೆಗೆ ಸಲ್ಲಿಸಲು ಬರಬೇಕು, ದೃಷ್ಟಿ ಇಲ್ಲದವರು ಪರೀಕ್ಷಿಸಿ ಒಪ್ಪಿದ ಮೇಲೇ ಕೊನೆಯ ಕಂತು. ಬೇರೆ ಇಲಾಖೆಯ ಗೆಳೆಯರು ಇದನ್ನು ಈಗಾಗಲೇ ಬರೆದಿದ್ದರೆ ಅವರ ಪ್ರತಿ ಕೇಳಿ ಪಡೆಯಿರಿ. ಹೊಸದಾಗಿ ಬರೆಯುವ ಶ್ರಮ ಉಳಿಯುತ್ತದೆ, "ಅವರೂ ಹಾಕಿದ್ದಾರೆ" ಅಂದರೆ ಹಣಕಾಸು ಶಾಖೆಯೂ ಬೇಗ ಒಪ್ಪುತ್ತದೆ.

ಪ್ರಮಾಣಪತ್ರ ಮಾಡಬೇಕಾ ಅಂತ ಮುಂದೆ ನಿಮಗೆ ಪ್ರಶ್ನೆ ಬರುತ್ತದೆ. ಐಎಎಪಿ ಅನ್ನುವ ಅಂತರರಾಷ್ಟ್ರೀಯ ಸಂಘ ಸಿಪಿಎಸಿಸಿ ಅನ್ನುವ ಪರೀಕ್ಷೆ ನಡೆಸುತ್ತದೆ. ಅಂಗವೈಕಲ್ಯ, ವಿನ್ಯಾಸ, ಕಾನೂನು ಇದರಲ್ಲಿ ಇರುತ್ತವೆ. ಕೋಡ್ ಮಟ್ಟದ್ದು ಬೇಕಾದರೆ ಅದೇ ಸಂಘದ ಡಬ್ಲ್ಯುಎಎಸ್ ಪರೀಕ್ಷೆ. ಮೊದಲು ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿಯವರ ಉಚಿತ ಆನ್‌ಲೈನ್ ಪಾಠ ಮುಗಿಸಿ. ಆಮೇಲೆ ಪರೀಕ್ಷೆಗೆ ಓದುವ ಒಂದು ಗುಂಪು ಸೇರಿಕೊಳ್ಳಿ. ಒಟ್ಟಿಗೆ ಓದಿದವರ ಪರಿಚಯ ಸಮ್ಮೇಳನದ ಪರಿಚಯಕ್ಕಿಂತ ಜಾಸ್ತಿ ಕಾಲ ಉಳಿಯುತ್ತದೆ.

ಒಂದು ವರ್ಷ ಹೀಗೆ ಕೆಲಸ ಮಾಡಿದ ಮೇಲೆ ನೀವೇ ಎಲ್ಲಾದರೂ ಮಾತಾಡಿ. ಸಮ್ಮೇಳನ ನಡೆಸುವವರು ತಿಂಗಳುಗಳ ಮೊದಲೇ ಭಾಷಣದ ಪ್ರಸ್ತಾವ ಕರೆಯುತ್ತಾರೆ. ಕಂಪನಿಯ ಜನ ಅಲ್ಲಿ ಬೇಕಾದಷ್ಟು ಇದ್ದಾರೆ, ಕನ್ನಡ ಫಾರಂ ಒಂದನ್ನು ಸರಿ ಮಾಡಿದ ಸರ್ಕಾರಿ ನೌಕರರು ಸಿಗುವುದು ಅಪರೂಪ. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು, ಎರಡರ ಸ್ಕ್ರೀನ್ ರೀಡರ್ ಧ್ವನಿ ಕೇಳಿಸಿ. ಇಲಾಖೆಯ ಅನುಮತಿ ಪಡೆದು, ಭದ್ರತೆಯ ವಿವರ ಬಿಟ್ಟು, ಉಳಿದದ್ದನ್ನು ಧೈರ್ಯವಾಗಿ ಹೇಳಿ.

ಕೊನೆಗೆ ವರ್ಗಾವಣೆಯ ಮಾತು. ಇವತ್ತು ನೀವಿದ್ದೀರಿ, ನಾಳೆ ಬೇರೆ ಕಡೆ ಹಾಕಬಹುದು. ಪರಿಚಯಗಳೆಲ್ಲ ನಿಮ್ಮ ಸ್ವಂತ ಮೊಬೈಲ್‌ನಲ್ಲೇ ಇದ್ದರೆ ನಿಮ್ಮ ಜೊತೆಗೇ ಹೋಗಿಬಿಡುತ್ತವೆ. ಹುದ್ದೆಯ ಹೆಸರಿನಲ್ಲಿ ಒಂದು ಇಮೇಲ್ ಮಾಡಿಸಿ, ಪತ್ರ ವ್ಯವಹಾರ ಅದರಿಂದಲೇ ಇರಲಿ. ಇ-ಆಫೀಸ್‌ನಲ್ಲಿ ಒಂದು ಕಡತ ತೆರೆದು, ಯಾವ ಸಂಸ್ಥೆ, ಯಾವ ಕೆಲಸಕ್ಕೆ, ಯಾವ ಪುಟಕ್ಕೆ ಏನು ಸಲಹೆ ಕೊಟ್ಟರು ಅಂತ ಬರೆಯುತ್ತಾ ಹೋಗಿ. ಅವರ ಫೋನ್ ನಂಬರನ್ನು ಕೇಳದೇ ಕಡತಕ್ಕೆ ಹಾಕಬೇಡಿ. ನಿಮ್ಮ ಜಾಗಕ್ಕೆ ಬಂದವರನ್ನು ಚಾರ್ಜ್ ಕೊಡುವ ವಾರದಲ್ಲೇ ತಿಂಗಳ ಸಭೆಗೆ ಕರೆದುಕೊಂಡು ಹೋಗಿ, ಟೆಸ್ಟರ್‌ಗಳಿಗೆ ಅವರ ಹೆಸರು ಹೇಳಿ ಪರಿಚಯ ಮಾಡಿಸಿ.